ಇಲ್ಲದ ತಂಗೆವ್ವನಿಗೆ ನೀರು

ನಾಟಕದೊಳಗಿನ ಮಂದಿ ಪರದೆ ಬಿದ್ದ ಮೇಲೆ ಮನೆಗೆ ಹೋಗುತ್ತಾರೆ ಅಂತ ಯಾರು ಹೇಳಿದರೋ ಗೊತ್ತಿಲ್ಲ. ನಮ್ಮ ವಿಜಾಪುರದ ಕಡೆ ಅವರು ಹೋಗುವುದಿಲ್ಲ. ಬೆಳಗಾದರೆ ಖಾನಾವಳಿಯಲ್ಲಿ ಸಿಗುತ್ತಾರೆ, ಕ್ಷೌರದ ಅಂಗಡಿಯಲ್ಲಿ ಸಿಗುತ್ತಾರೆ, ಬಾವಿ ಕಟ್ಟೆಯ ಮೇಲೂ ಕೂತಿರುತ್ತಾರೆ. ಅಂಥ ಇಬ್ಬರನ್ನು ಹುಟ್ಟಿಸಿ ಊರ ಮೇಲೆ ಬಿಟ್ಟವನು ನಾನೇ. ಆಮೇಲೆ ನಡೆದದ್ದಕ್ಕೆ ನಗು ಬರುತ್ತದೆ. ನಕ್ಕು ಮುಗಿಯುವುದರೊಳಗೆ ತಲೆ ತಾನಾಗಿ ತಗ್ಗುತ್ತದೆ.

ಮೊದಲು ಬಾವಿಯ ಮಾತು. ಬಬಲೇಶ್ವರದ ಆಚೆ ನಮ್ಮ ಊರು. ಸಿಹಿನೀರಿನ ಬಾವಿ ಒಂದೇ, ಅದೂ ಗೌಡರ ವಾಡೆಯ ಮುಂದೆ. ಕೇರಿಯವರಾದ ನಾವು ಅದರೊಳಗೆ ಹಗ್ಗ ಬಿಡುವಂತಿಲ್ಲ. ನನ್ನ ಅವ್ವ ಕೊಡ ಇಟ್ಟುಕೊಂಡು ದೂರ ಕೂತು, ‘ಯವ್ವಾ, ಒಂದು ಕೊಡ ಹಾಕ್ರೆವಾ’ ಅಂತ ಬಂದವರನ್ನೆಲ್ಲ ಬೇಡಬೇಕು. ಅಸ್ಪೃಶ್ಯತೆ ಅಪರಾಧ ಅಂತ ಕಾಯದೆ ಬಂದಿತ್ತು. ಕಾಯದೆ ಕಚೇರಿಯಲ್ಲಿತ್ತು, ಹಗ್ಗ ಗೌಡರ ಕೈಯಲ್ಲಿತ್ತು. ನಾನು ಸಂತೆಯಲ್ಲಿ ನಿಂತು ಗಂಟಲು ಹರಿಯುವಂತೆ ಭಾಷಣ ಮಾಡಿದೆ. ಮಂದಿ ಉಳ್ಳಾಗಡ್ಡಿ ಆರಿಸುತ್ತ ಕೇಳಿದರು, ಉಳ್ಳಾಗಡ್ಡಿ ಕಟ್ಟಿಕೊಂಡು ಹೋದರು. ಸಾಲಿ ಅರ್ಧಕ್ಕೆ ಬಿಟ್ಟವನಾದರೂ ಸಿಟ್ಟಿನಲ್ಲಿ ಒಂದು ನಾಟಕ ಬರೆದೆ. ತಂಗೆವ್ವ ಎಂಬ ಬಡ ಹುಡುಗಿ, ಆಕೆಯ ಅಣ್ಣ, ಬಾವಿ ಮುಟ್ಟಗೊಡದ ಹುಲಿಗೌಡ. ಕೊನೆಗೆ ಆಕೆ ನೀರಡಿಸಿ ಸಾಯುತ್ತಾಳೆ. ಅಷ್ಟೇ.

ಖಾನಾವಳಿಯ ಆಯಿ

ಹುಲಿಗೌಡನ ಪಾತ್ರ ಮಾಡಿದವನು ವಿಜಾಪುರದ ಜೋರಾಪುರ ಪೇಟೆಯ ಒಬ್ಬ ದರ್ಜಿ. ಗಿರಾಕಿ ಬೈದರೂ ‘ಹೌದರೀ’ ಅನ್ನುವಂಥ ಸಾಧು. ಮೊದಲ ಆಟ ಆ ಪೇಟೆಯಲ್ಲೇ ಆಯಿತು. ಮರುದಿನ ಅವನು ದಿನದಂತೆ ಖಾನಾವಳಿಗೆ ಹೋಗಿ ಊಟಕ್ಕೆ ಕೂತರೆ, ರೊಟ್ಟಿ ಬಡಿಯುತ್ತಿದ್ದ ಆಯಿ ಸೌಟು ಎತ್ತಿಕೊಂಡು ಎದ್ದಳು.

“ಏಳಲೇ ಮ್ಯಾಲ! ಆ ಕೂಸಿಗಿ ಒಂದು ಕೊಡ ನೀರು ಕೊಡಲಿಲ್ಲ, ನಿನಗ ರೊಟ್ಟಿ ಬೇಕೇನು?”

“ಆಯೀ, ಅದು ನಾಟಕರೀ.”

“ನಾಟಕದಾಗರ ಕೊಡಾಕ ನಿನಗೇನ್ ಧಾಡಿ ಆಗಿತ್ತು? ನಿಮ್ಮಪ್ಪನ ಮನಿ ನೀರೇನು?”

ದರ್ಜಿ ಉಪವಾಸ ಎದ್ದು ಬಂದ. ನಾನು ಹೊರಗಿನ ಕಟ್ಟೆಯ ಮೇಲೆ ಕೂತಿದ್ದೆ, ನಮಗೆ ಅಲ್ಲೇ ಬಡಿಸುತ್ತಿದ್ದರು. ಆಯಿ ತಂಗೆವ್ವನನ್ನು ನೆನೆದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಅದೇ ಕೈಯಿಂದ ತಂಬಿಗೆ ಮೇಲೆತ್ತಿ, ಮೊಳದ ಅಂತರದಿಂದ ನನ್ನ ಬೊಗಸೆಗೆ ನೀರು ಹೊಯ್ದಳು. ಅರ್ಧ ನೀರು ಅಂಗಿಯ ಮೇಲೆ ಬಿತ್ತು.

“ಪಾಪ, ತಂಗೆವ್ವಗ ಇಷ್ಟರ ಸಿಗಲಿಲ್ಲ ನೋಡು” ಅಂದಳು.

ಮೀಸೆ

ಹುಲಿಗೌಡನಿಗೆ ಮಂದಿ ಉಗುಳಲಿ ಅಂತ ಅವನಿಗೆ ನಾನು ಕೊಂಬಿನಂಥ ಮೀಸೆ ಬರೆದಿದ್ದೆ. ಎಂಟು ದಿನದಲ್ಲಿ ಪೇಟೆಯ ಹರೆಯದ ಹುಡುಗರ ತುಟಿಯ ಮೇಲೆಲ್ಲ ಅದೇ ಮೀಸೆ. ಕ್ಷೌರದವನು ಗಿರಾಕಿಯನ್ನು ಕೂರಿಸುವ ಮೊದಲೇ ಕೇಳುತ್ತಿದ್ದ: “ಹುಲಿಗೌಡನ್ನ ಮಾಡಲೋ, ಸಾದಾ ಮಾಡಲೋ?” ಇರಲಿ ಅಂದರೆ, ಬಾವಿಯ ಸಲುವಾಗಿ ನಾನು ಕಟ್ಟಿದ್ದ ಸಂಘದ ಹುಡುಗನೊಬ್ಬ, ಅದೂ ನಮ್ಮ ಕೇರಿಯವನು, ಸಭೆಗೆ ಅದೇ ಮೀಸೆ ತಿರುವುತ್ತ ಬಂದ.

ನನಗೆ ಮೈ ಉರಿಯಿತು. “ನಾಚಿಕಿ ಬರೂದಿಲ್ಲೇನ್ಲೇ? ತಂಗೆವ್ವನ ಅಣ್ಣಗೂ ಮೀಸಿ ಐತಿ, ಅದನ್ನ ಬಿಡಬಾರದೇನು?”

“ಕಾಕಾ, ಅಂವ ಎರಡನೇ ಅಂಕದಾಗ ಸಾಯ್ತಾನ. ಹುಲಿಗೌಡ ಕಡೀತನಕ ಇರತಾನಲ್ಲ!”

ಇಡೀ ಸಭೆ ನಕ್ಕಿತು. ನಾನು ನಗಲಿಲ್ಲ. ನನ್ನ ನಾಟಕದಲ್ಲಿ ನಮ್ಮವರಿಗೆ ಸಾಯುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ.

ತಿಕೋಟದ ತಂಬಿಗೆ

ತಂಗೆವ್ವನ ಪಾತ್ರ ನನ್ನ ಕಾಕಾನ ಮಗನದು. ಇಟ್ಟಂಗಿಹಾಳದ ಹೊಲಗಳಲ್ಲಿ ಕೂಲಿ ಮಾಡುವವನು, ಸೀರೆ ಉಟ್ಟರೆ ಗುರುತು ಸಿಗುತ್ತಿರಲಿಲ್ಲ. ತಿಕೋಟದ ಆಟದಲ್ಲಿ ಅವನು ‘ನೀರು, ನೀರು’ ಅಂತ ಹೊರಳಾಡಿ ಸತ್ತ. ಹೆಂಗಸರ ಸಾಲಿನಿಂದ ಒಬ್ಬ ಮುದುಕಿ, ದೊಡ್ಡ ಮನೆತನದವಳು, ತಂಬಿಗೆ ಹಿಡಿದು ರಂಗದ ಮೇಲೆ ಹತ್ತಿಬಿಟ್ಟಳು. ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಂಬಿಗೆಯನ್ನು ತುಟಿಗೇ ಹಚ್ಚಿದಳು. ಗ್ಯಾಸ್ ಬತ್ತಿಯ ಸೆಕೆಗೆ ಅವನ ಗಂಟಲೂ ಒಣಗಿತ್ತು. ಹೆಣ ಗಟಗಟ ಕುಡಿದು, ತೇಗಿ, ಎದ್ದು ಕೂತಿತು. ಮಂದಿಯೆಲ್ಲ ಸೀಟಿ, ಚಪ್ಪಾಳೆ.

ಪರದೆಯ ಹಿಂದೆ ಯಾರೋ ಮುದುಕಿಯ ಕಿವಿಯಲ್ಲಿ ಅವನ ಕೇರಿ ಯಾವುದೆಂದು ಹೇಳಿದರು. ಆಕೆ ತಂಬಿಗೆಯನ್ನು ಅಲ್ಲೇ ಕೆಳಗೆ ಬಿಟ್ಟಳು.

“ನಾ ಕೊಟ್ಟಿದ್ದು ತಂಗೆವ್ವಗ, ನಿನಗಲ್ಲ!” ಅಂತ ಕೂಗಿ ಜಳಕಕ್ಕೆ ಓಡಿದಳು.

ಕಾಕಾನ ಮಗ ತಂಬಿಗೆಯನ್ನು ಎತ್ತಿಕೊಂಡು ಸೀರೆ ಸರಿಮಾಡಿಕೊಂಡ. “ಅಣ್ಣಾ, ಸೀರಿ ಇರಲಿ ಬಿಡು. ನಾಳೆ ಬಾವಿಗಿ ಇದನ್ನ ಉಟ್ಕೊಂಡು ಹೋಗತೇನಿ. ಸತ್ತ ತಂಗೆವ್ವಗ ಕೊಡತಾರ, ಬದುಕಿದ ನನಗ ಯಾರು ಕೊಡತಾರ?”

ಗೌಡತಿಯ ಒಡಪು

ಕಡೆಗೆ ನಮ್ಮ ಊರಲ್ಲೇ ಆಟ ಇಟ್ಟೆವು. ಗೌಡರು ಮುಂದಿನ ಕುರ್ಚಿಯಲ್ಲಿ ಕೂತು ಹೆಗಲ ಮೇಲಿನ ವಲ್ಲಿ ತೊಯ್ಯುವಂತೆ ಅತ್ತರು. ಎದ್ದು ನಿಂತು, “ಇಂಥಾ ಗೌಡರು ನಾಡಿನಾಗ ಇರಬಾರದು” ಅಂತ ಎರಡು ಮಾತೂ ಆಡಿದರು. ಅದನ್ನು ನಂಬಿ ನನ್ನ ಅವ್ವ ಮರುದಿನ ಬಾವಿಗೆ ಹಗ್ಗ ಬಿಟ್ಟಳು.

ಗೌಡರು ವಾಡೆಯಿಂದ ಓಡಿಬಂದು ಕೊಡಕ್ಕೆ ಒದ್ದರು. “ಏ ಬೇ, ಸೊಕ್ಕು ಬಂದೈತೇನು?”

“ಯಪ್ಪಾ, ನಿನ್ನೆ ಅತ್ತಿದ್ರಲ್ಲರೀ?”

“ಅತ್ತಿದ್ದು ತಂಗೆವ್ವಗ!”

ಜಜ್ಜಿಹೋದ ಕೊಡವನ್ನು ಅವ್ವ ಎತ್ತಿಕೊಂಡು ಬಂದಳು. ನಾನು ಅವ್ವನ ಮುಖ ನೋಡಲಿಲ್ಲ. ವಾಡೆಯ ಬಾಗಿಲಲ್ಲಿ ನಿಂತು ಗೌಡತಿ ಎಲ್ಲ ನೋಡಿದ್ದಳಂತೆ.

ಆ ವಾರದಲ್ಲೇ ವಾಡೆಯಲ್ಲಿ ಬಸುರಿ ಸೊಸೆಯ ಕುಬುಸ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಇಂಥ ಕಾರ್ಯದಲ್ಲಿ ಮಾತ್ರ ಹೆಂಗಸರೆಲ್ಲ ಸುತ್ತುಗಟ್ಟಿ, ಒಡಪಿನಲ್ಲಿ ಕಟ್ಟಿ ಹೇಳಿಸುತ್ತಾರೆ. ಗೌಡತಿಯನ್ನೂ ಹಿಡಿದರು. ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಮೆಲ್ಲಗೆ ಹೇಳಿದಳು:

“ಬಾವಿ ತುಂಬ ನೀರ, ಬಾಗಿಲ ತುಂಬ ತೋರಣ,
ತಂಗೆವ್ವನ್ನ ಕೊಂದ ಹುಲಿಗೌಡ ನಮ್ಮನಿ ಯಜಮಾನ.”

ಬೀಗರ ಕಡೆಯ ಹೆಂಗಸರೂ ಇದ್ದರು. ಮಾತು ಸಂಜೆಯೊಳಗೆ ಬಬಲೇಶ್ವರ ಮುಟ್ಟಿತು. ಆಮೇಲೆ ಬಸ್ಸಿಳಿದವರು ಗೌಡರ ಮನೆ ಕೇಳಿದರೆ, “ಯಾರದು, ಹುಲಿಗೌಡರದೇನ್ರಿ?” ಅಂತ ಮಂದಿ ಕೈ ತೋರಿಸತೊಡಗಿದರು. ಗೌಡರು ನನಗೆ ಹೇಳಿಕಳಿಸಿದರು. ಹೊಡೆಯುತ್ತಾರೆ ಅಂತ ನಾನು ಗಟ್ಟಿಮುಟ್ಟಾದ ಅಂಗಿ ಹಾಕಿಕೊಂಡು ಹೋದೆ.

“ಬಾವಿ ಬಿಡತೇನಿ. ನಿಮ್ಮವ್ವ ನಾಳೆಯಿಂದ ನೀರು ಸೇದಲಿ” ಅಂದರು. “ಆದರ ನಾಟಕದಾಗ ಹುಲಿಗೌಡ ಬಾವಿ ಬಿಟ್ಟ ಅಂತ ಬರಿ. ಎಲ್ಲಾರ ಮುಂದ ಆಡಿ ತೋರಸು.”

ಅವ್ವ ನೀರು ಸೇದಿದಳು. ಕೊಡ ತುಂಬಿದ ಸದ್ದು ಕೇಳಿ ನನಗೆ ಕುಣಿಯಬೇಕು ಅನಿಸಲಿಲ್ಲ. ಅವ್ವ ಇಷ್ಟು ವರ್ಷ ಬೇಡಿದರೂ, ಕಾಯದೆ ಬಂದರೂ ಕದಲದ ಹಗ್ಗ, ಹುಟ್ಟೇ ಇರದ ಒಬ್ಬ ಹುಡುಗಿಯ ಸಲುವಾಗಿ ಕದಲಿತ್ತು. ನಮ್ಮ ಊರೇ ಇಂಥದು ಅಂತ ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆ.

ಆದರೂ ಮಾತು ಮಾತೇ. ನಾಟಕ ತಿದ್ದಿ ಅದೇ ಊರಲ್ಲಿ ಮತ್ತೆ ಆಡಿದೆವು. ದರ್ಜಿ ಮೀಸೆ ಇಳಿಬಿಟ್ಟು, “ಕುಡೀ ತಂಗೆವ್ವಾ, ಬಾವಿ ನಿಂದೂ ಹೌದು” ಅಂದ. ಮಂದಿಯ ಹಿಂದಿನ ಸಾಲಿನಿಂದ ಕೂಗು ಎದ್ದಿತು: “ಸುಳ್ಳ ನಾಟಕ! ಇಂಥಾ ಗೌಡ ಎಲ್ಲಿ ಅದಾನೋ?”

ಮುಂದಿನ ಕುರ್ಚಿಯಿಂದ ನಮ್ಮ ಗೌಡರು ತಲೆಯ ಪಟಗ ಸರಿಮಾಡಿಕೊಂಡು ಎದ್ದು ನಿಂತರು.

“ಯಾಕ್ರಲೇ, ನಾ ಇಲ್ಲೇ ಅದೀನಲ್ಲ!”

ಹಿಂದಿನವರು ಒಂದೇ ದನಿಯಲ್ಲಿ ಕೂಗಿದರು: “ಕುಂದರ್ರಿ ಹುಲಿಗೌಡ್ರ, ನಾಟಕ ಕಾಣವಲ್ದು!”