ನಮ್ಮ ಮಾವನ ಗೂಡಿನ ಹೂವು

ಬಟ್ಟೆ ಒಗೆಯುವ ಗಂಡಸರನ್ನು ನೀವು ನೋಡಿರಬಹುದು. ಅಪರೂಪಕ್ಕೆ ಪಾತ್ರೆ ತೊಳೆಯುವವರನ್ನೂ ನೋಡಿರಬಹುದು. ಹೂವು ಒಗೆಯುವ ಗಂಡಸನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ. ಎಂಬತ್ತರ ದಶಕದ ಕೊನೆಯಲ್ಲಿ ನಾನು ರಜೆಗೆ ಶಿಡ್ಲಘಟ್ಟಕ್ಕೆ ಹೋದಾಗಲೆಲ್ಲ ಹಿತ್ತಲಿನಲ್ಲಿ ಅದೇ ದೃಶ್ಯ. ಮಾವ ಅಂಟುವಾಳದ ನೊರೆಯಲ್ಲಿ ಹೂವಿನ ಹಾರಗಳನ್ನು ಅದ್ದಿ, ಹಿಂಡದೆ ಎತ್ತಿ, ಪಂಚೆ ಟವೆಲ್ಲುಗಳ ಪಕ್ಕ ತಂತಿಯ ಮೇಲೆ ಹರವುತ್ತಿದ್ದರು. ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಒಮ್ಮೆ, "ಯಾರ ಮದುವೆ ಸಾರ್?" ಎಂದು ಕೇಳಿದ.

"ಮದುವೆ ಮುಗೀತಪ್ಪ, ಇದು ಒಗೆತ" ಎಂದರು ಮಾವ.

ಅವು ರೇಷ್ಮೆಗೂಡಿನ ಹೂವುಗಳು. ಮಾವನಿಗೆ ಕೆಲಸವಿದ್ದದ್ದು ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಕಡೆ. ಅಲ್ಲಿ ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ. ಯಾರಿಗೂ ಬೇಡವಾದ ಆ ಗೂಡುಗಳನ್ನು ಮಾವ ಚೀಲದಲ್ಲಿ ಮನೆಗೆ ತರುತ್ತಿದ್ದರು. ಕತ್ತರಿಯಿಂದ ಎಸಳು ಬಿಡಿಸಿ, ಬಣ್ಣ ಕಟ್ಟಿ, ತಂತಿಗೆ ಪೋಣಿಸಿದರೆ ಸೇವಂತಿಗೆ. ಇಡೀ ಗೂಡನ್ನೇ ಹಾಗೇ ಪೋಣಿಸಿದರೆ ಮಲ್ಲಿಗೆ ಮೊಗ್ಗು. ಕೊಂಚ ದಪ್ಪ ಮೊಗ್ಗು, ಅಷ್ಟೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಎಲ್ಲ ಕಡೆಯ ಮದುವೆ ಮಂಟಪಗಳಿಗೂ ಬಿಟ್ಟಿಯಾಗಿ ಕೊಡುತ್ತಿದ್ದರು. ಷರತ್ತು ಒಂದೇ: ಮುಗಿದ ಮೇಲೆ ವಾಪಸು ತರಬೇಕು.

"ಮದುವೆಯಾದ ಮೇಲೆ ಛತ್ರದ ಹಿಂದೆ ಹೋಗಿ ನೋಡಿದ್ದೀಯೇನಮ್ಮ?" ಎಂದು ನನ್ನನ್ನು ಕೇಳುತ್ತಿದ್ದರು. "ಬೆಳಿಗ್ಗೆ ಮಂಟಪದಲ್ಲಿದ್ದ ಹೂವು ಸಾಯಂಕಾಲಕ್ಕೆ ಎಂಜಲೆಲೆ ಜೊತೆ ಬಿದ್ದಿರ್ತದೆ. ಅದನ್ನ ನೋಡಿದ್ರೆ ನಂಗೆ ಊಟ ಸೇರಲ್ಲ." ಇದನ್ನು ಹೇಳುವಾಗ ಅವರು ಮೂರನೆಯ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು ಎಂಬುದನ್ನು ದಾಖಲಿಸುವುದು ನನ್ನ ಕರ್ತವ್ಯ.

ಇಂಥ ಮನುಷ್ಯ ಎಂಥ ಮನೆಯ ಹೆಣ್ಣನ್ನು ಮದುವೆಯಾಗಬೇಕು ಹೇಳಿ? ಹೂವು ಬೆಳೆಯುವವರ ಮನೆಯ ಹೆಣ್ಣನ್ನು! ಅತ್ತೆಯ ತಂದೆಗೆ ಚಿಕ್ಕಬಳ್ಳಾಪುರದ ಆಚೆ ಸೇವಂತಿಗೆ, ಕನಕಾಂಬರದ ತೋಟ. ಗಂಡನ ಕತ್ತರಿಯ ಕೆಲಸ ಅತ್ತೆಗೆ ತವರಿನ ಮೇಲಿನ ಸಮರವಾಗಿ ಕಾಣುತ್ತಿತ್ತು. ಮಾವನಿಗಾದರೋ ಬದುಕಿನಲ್ಲಿ ಒಂದೇ ಆಸೆ: ಒಬ್ಬಳೇ ಮಗಳ ಮದುವೆಯ ಮಂಟಪಕ್ಕೆ ತಾವು ಮಾಡಿದ ಹೂವೇ ಆಗಬೇಕು.

"ನಮ್ಮಪ್ಪ ಬೆಳೆದ ಹೂವಿರೋವಾಗ ನನ್ನ ಮಗಳು ಹುಳದ ಮನೆ ಕೆಳಗೆ ಕೂರಬೇಕೇನ್ರೀ?"

"ನೀನು ಉಟ್ಟಿರೋ ಸೀರೆ ಯಾರ ಮನೇದು ಕಣೇ?"

"ಸೀರೆಗೆ ವಾಸನೆ ಇರಬೇಕು ಅಂತ ಯಾರೂ ಕೇಳಲ್ಲ. ಹೂವಿಗೆ ಕೇಳ್ತಾರೆ. ನೀನೇ ಹೇಳಮ್ಮ."

ನಾನು ಮಾತು ಕಡಿಮೆಯವಳಾದ್ದರಿಂದ ಇಬ್ಬರೂ ನನ್ನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ನಾನು ಸುಮ್ಮನಿದ್ದದ್ದನ್ನು ಇಬ್ಬರೂ ತಮ್ಮ ತಮ್ಮ ಗೆಲುವೆಂದು ತಿಳಿಯುತ್ತಿದ್ದರು.

ವಾಸನೆಯ ಮಾತು ಮಾವನಿಗೆ ತಾಗಿತು. ಚಿಂತಾಮಣಿಯ ಸಾಬರ ಅಂಗಡಿಯಿಂದ ಅತ್ತರು ತಂದು ಮುಂದಿನ ಮದುವೆಯ ಹಾರಗಳಿಗೆಲ್ಲ ಧಾರಾಳವಾಗಿ ಸವರಿದರು. ಪುರೋಹಿತರು ಸಂಕಲ್ಪದಿಂದ ಸಪ್ತಪದಿಯವರೆಗೆ ಒಂದೇ ಸಮ ಸೀನಿದರು. ಆ ದಂಪತಿಗಳ ಗೋತ್ರ ಯಾವುದೆಂದು ಇವತ್ತಿಗೂ ಯಾರಿಗೂ ಸರಿಯಾಗಿ ಕೇಳಿಸಿಲ್ಲ.

ಅದಕ್ಕಿಂತ ದೊಡ್ಡದು ಚಿಂತಾಮಣಿಯಲ್ಲೇ ನಡೆದ ಇನ್ನೊಂದು ಮದುವೆ. ಆ ಸಲ ಗಡಿಬಿಡಿಯಲ್ಲಿ ಮಾವ ಇನ್ನೂ ಚಿಟ್ಟೆ ಹೊರಬಾರದ ಗೂಡುಗಳ ಚೀಲವನ್ನೇ ತಂದು ಮೊಗ್ಗು ಪೋಣಿಸಿಬಿಟ್ಟಿದ್ದರು. ಒಳಗಿನವರಿಗೆ ಇದು ಮದುವೆ ಎಂದು ಗೊತ್ತೇ? ಸರಿಯಾಗಿ ಮುಹೂರ್ತದ ಹೊತ್ತಿಗೆ ಒಂದೊಂದೇ ಮೊಗ್ಗು ಒದ್ದೆಯಾಗಿ, ತೂತಾಗಿ, ಬಿಳಿ ಚಿಟ್ಟೆಗಳು ಹೊರಬಂದವು. ರೇಷ್ಮೆ ಚಿಟ್ಟೆಗೆ ಹಾರಲು ಬರುವುದಿಲ್ಲ, ಉದುರಲು ಬರುತ್ತದೆ. ಒಂದು ಮದುಮಗನ ಹೆಗಲ ಮೇಲೆ ಬಿದ್ದು ರೆಕ್ಕೆ ಬಡಿಯತೊಡಗಿತು. ಮಾವ ಕಂಬದ ಹಿಂದೆ ಸರಿದರು. ಅಷ್ಟರಲ್ಲಿ ಮದುಮಗನ ಅಜ್ಜಿ, "ಲಕ್ಷ್ಮಿ ವಚ್ಚಿಂದಿ ನಾಯನಾ, ಕದಲಕು" ಎಂದರು. ಮನೆಗೆ ಲಕ್ಷ್ಮಿ ಬಂದಿದ್ದಾಳೆ, ಅಲುಗಾಡಬೇಡ ಎಂದು. ಪಾಪ, ಅವನು ಒಂದು ಹೆಗಲನ್ನು ಕಲ್ಲಿನಂತೆ ಹಿಡಿದುಕೊಂಡೇ ತಾಳಿ ಕಟ್ಟಿದ.

ಮರುವಾರ ಚಿಂತಾಮಣಿಯಿಂದಲೇ ಒಬ್ಬರು ಮನೆ ಹುಡುಕಿಕೊಂಡು ಬಂದರು. "ಸಾರ್, ನಮಗೂ ಚಿಟ್ಟೆ ಬರೋ ಹೂವೇ ಕೊಡಿ. ಸಾದಾದು ಬೇಡ."

ಕೊನೆಗೆ ಮಗಳಿಗೆ ಗೌರಿಬಿದನೂರಿನ ಸಂಬಂಧ ಕುದುರಿತು. ಮಾವ ಎರಡು ವರ್ಷ ಕೂತು ಮಾಡಿದ್ದ ಹೂವು ಟ್ರಂಕಿನಲ್ಲಿ ಸಿದ್ಧವಾಗಿತ್ತು. ಅತ್ತೆಯ ವಾದಕ್ಕೆಲ್ಲ ಉತ್ತರವೂ ಸಿದ್ಧವಾಗಿತ್ತು. ಆದರೆ ಮದುವೆಗೆ ತಿಂಗಳಿರುವಾಗ ಅತ್ತೆಯ ತಂದೆಯೇ ಬಸ್ಸು ಹತ್ತಿ ಬಂದರು. ಜಗಲಿಯ ಮೇಲೆ ಕೂತು ನೀರು ಕುಡಿದು, "ಅಳಿಯಂದ್ರೇ, ಮೊಮ್ಮಗಳ ಮಂಟಪಕ್ಕೇಂತ ತೋಟದಲ್ಲಿ ಎರಡು ಮಡಿ ಸೇವಂತಿಗೆ ಬೇರೆಯಾಗೇ ಹಾಕಿದ್ದೀನಿ. ಮಾರ್ಕೆಟ್ಟಿಗೆ ಅದರಲ್ಲಿ ಒಂದೂ ಹೋಗಲ್ಲ" ಎಂದರು.

ಮಾವ ಟ್ರಂಕಿನ ಕಡೆ ನೋಡಲಿಲ್ಲ. "ಆಗಲಿ ಮಾವ" ಎಂದರು. ಅವರು ವಾದ ಮಾಡದೆ ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತೆಯೂ ಗೆದ್ದವರಂತೆ ಕಾಣಲಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಹಳದಿ ಸೇವಂತಿಗೆಯ ಮಂಟಪ ನಿಜಕ್ಕೂ ಚೆಂದವಿತ್ತು. ಮಾವನೇ ಏಣಿ ಹತ್ತಿ ಕಟ್ಟಿದ್ದರು. ಮಧ್ಯಾಹ್ನ ಮಗಳನ್ನು ಕರೆದುಕೊಂಡು ವ್ಯಾನು ಗೌರಿಬಿದನೂರಿಗೆ ಹೊರಟಿತು. ನಾವು ಮನೆಗೆ ಬಂದಾಗ ಇಳಿಬಿಸಿಲು. ಬಾಗಿಲ ಮೇಲಿನ ಹೂವಿನ ಸರ ಬಾಡಿ ಜೋತುಬಿದ್ದಿತ್ತು. ಅತ್ತೆ ಹೊಸ್ತಿಲಾಚೆ ನಿಂತು ಅದನ್ನೇ ನೋಡಿದರು, ಒಳಗೆ ಕಾಲಿಡಲಿಲ್ಲ.

"ರೀ, ಟ್ರಂಕಿನ ಬೀಗದ ಕೈ ಕೊಡಿ."

"ಯಾಕೆ?"

"ನಾಳೆ ಬೆಳಿಗ್ಗೆ ಬಾಗಿಲು ತೆಗೆದ್ರೆ ಮನೆ ಬಿಕೋ ಅನ್ನುತ್ತೆ. ಅವಳು ಮರುವಳಿಗೆ ಬರೋವರೆಗೂ ಬಾಡದೇ ಇರೋದು ಏನಾದ್ರೂ ಇರ್ಲಿ ಇಲ್ಲಿ."

ಮಾವ ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟರು. ಅತ್ತೆ ಒಂದು ಹಾರ ಆರಿಸಿ ತಂದು, ತಾವೇ ಕಟ್ಟುತ್ತೇನೆಂದು ಸ್ಟೂಲು ಹತ್ತಿದರು. ಮಾವ ಎರಡೂ ಕೈಯಲ್ಲಿ ಸ್ಟೂಲನ್ನು ಹಿಡಿದು, ಅವರು ಕಟ್ಟಿ ಮುಗಿಸಿದ ಮೇಲೂ ತಲೆಯೆತ್ತದೆ ಹಿಡಿದುಕೊಂಡೇ ನಿಂತಿದ್ದರು.