ಫ್ರೆಂಚ್ ಶೂವಿಗೆ ತೆಂಗಿನೆಣ್ಣೆ

ಶುಕ್ರವಾರ ರಜೆ; ಬೆಳಿಗ್ಗೆ ದೋಹಾದ ಅಲ್ ಹಿಲಾಲ್‌ನ ನಮ್ಮ ಫ್ಲಾಟಿನಲ್ಲಿ ಎಲ್ಲವೂ ನಿಧಾನ. ಕಿಟಕಿಯ ಸಂದಿಯ ಮರಳನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆದೆ. ಕೋಳಿ ಸಾರಿಗೆ ಮಸಾಲೆ ಅರೆದೆ. ಗಂಡ ಫೆಲಿಕ್ಸ್ ಇನ್ನೂ ಮಲಗಿದ್ದರು. ಉಳಿದದ್ದು ಅವರ ಶೂ ಒಂದೇ. ಐದು ನಿಮಿಷದ ಕೆಲಸ!

ಅದು ಸಾಮಾನ್ಯ ಶೂ ಅಲ್ಲ. ಅವರ ಫ್ರೆಂಚ್ ಮ್ಯಾನೇಜರ್ ಊರಿಂದ ತಂದುಕೊಟ್ಟದ್ದು, ದೋಣಿಯ ಮೇಲೆ ಹಾಕುವಂಥದ್ದು. ಮ್ಯಾನೇಜರರ ಅಜ್ಜ ಇಂಥ ಶೂಗಳನ್ನು ಕೈಯಲ್ಲೇ ಹೊಲಿಯುತ್ತಿದ್ದರಂತೆ. ಒಂದೇ ತೊಗಲಿನ ದಾರ ಹಿಮ್ಮಡಿಯ ಸುತ್ತ ಓಡಿ ಬಂದು ಮುಂದೆ ಗಂಟಾಗುತ್ತದೆ. ಬಿಳಿ ಅಟ್ಟೆ ಒದ್ದೆ ಹಲಗೆಯ ಮೇಲೆ ಜಾರುವುದಿಲ್ಲ, ಕಲೆ ಮಾಡುವುದಿಲ್ಲ. ಈ ವಂಶಚರಿತ್ರೆಯನ್ನು ಫೆಲಿಕ್ಸ್ ಊಟದ ಹೊತ್ತಿಗೆಲ್ಲ ಹೇಳುತ್ತಿದ್ದರು. ಸಂಜೆ ಮ್ಯಾನೇಜರರ ದೋಣಿಗೆ ನಮಗೆ ಆಮಂತ್ರಣ. ಫೆಲಿಕ್ಸರ ಸೆಕ್ಷನ್ನಿನಿಂದ ಯಾರನ್ನೂ ಈವರೆಗೆ ಕರೆದಿರಲಿಲ್ಲ. ಅಂದ ಮೇಲೆ ಗಂಡನ ಮಾನ ಆ ಶೂಗಳಲ್ಲಿತ್ತು.

ಶೂವಿನ ಡಬ್ಬಿ ತೆರೆದರೆ ತೊಗಲಿಗೆ ಹೊಳಪೇ ಇಲ್ಲ! ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಮೊದಲು ಶೂ ನೋಡುತ್ತಿದ್ದರು, ಆಮೇಲೆ ಮುಖ. ಫ್ರಾನ್ಸಿನವರು ಮರೆತದ್ದನ್ನು ಮಂಗಳೂರಿನವಳು ಸರಿಪಡಿಸಬೇಡವೇ? ಮಳೆಗಾಲದಲ್ಲಿ ಅಪ್ಪನ ಬೆಲ್ಟಿಗೆ ಅಮ್ಮ ಹಚ್ಚುತ್ತಿದ್ದ ಮದ್ದು ನೆನಪಾಯಿತು. ತೆಂಗಿನೆಣ್ಣೆ!

ತೊಗಲು ಎಣ್ಣೆಯನ್ನು ಗಟಗಟ ಕುಡಿಯಿತು. ಹುರಿದ ಗೋಡಂಬಿ ಬಣ್ಣದ ಶೂ ನೋಡುನೋಡುತ್ತಲೇ ಸುಟ್ಟ ಬದನೆಕಾಯಿಯಾಯಿತು. ಒಂದು ಕಾಲು ಗೋಡಂಬಿ, ಒಂದು ಕಾಲು ಬದನೆ ಆಗಬಾರದಲ್ಲ? ಇನ್ನೊಂದಕ್ಕೂ ಹಚ್ಚಿದೆ.

ಎಣ್ಣೆ ಇಳಿದು ಬಿಳಿ ಅಟ್ಟೆ ಹಳದಿಯಾಯಿತು. ಮಗಳ ಕ್ಯಾನ್ವಾಸ್ ಶೂವಿನ ಬಿಳಿ ಪಾಲಿಶ್ ಇತ್ತು. ಬದಿಗೆ ಬಳಿದೆ. ಕೆಲಸ ಅರ್ಧಕ್ಕೆ ಬಿಡಬಾರದೆಂದು ಅಡಿಗೂ ಬಳಿದೆ.

ದಾರವನ್ನು ಎಳೆದು ತೆಗೆದು, ಸೋಪಿನಲ್ಲಿ ತೊಳೆದು, ಬಾಲ್ಕನಿಯಲ್ಲಿ ಒಣಗಿಸಿದೆ. ದೋಹಾದ ಬಿಸಿಲಿಗೆ ಅದು ಒಣಮೀನಿನಂತೆ ಸೆಟೆದು, ಬಗ್ಗಿಸಿದಾಗ ಪಟ್ಟೆಂದು ತುಂಡಾಯಿತು. ನಾನು ಧೈರ್ಯಗೆಡಲಿಲ್ಲ. ನನ್ನ ಕಂದು ಲಂಗದ ಲಾಡಿಯನ್ನು ಸೇಫ್ಟಿ ಪಿನ್ನಿಗೆ ಸಿಕ್ಕಿಸಿ ಸುತ್ತಲೂ ಪೋಣಿಸಿದೆ. ಎಷ್ಟು ಚೆಂದ ಕೂತಿತು!

"ಲಿಲ್ಲಿ, ಇದು ನನ್ನದೇ ಶೂವಾ?" ಹೊರಡುವಾಗ ಫೆಲಿಕ್ಸ್ ಕೇಳಿದರು.

"ಮತ್ತೆ ಯಾರದ್ದು? ಸ್ವಲ್ಪ ಶೈನ್ ಮಾಡಿದ್ದೇನೆ."

"ಕಾಲು ಒಳಗೆ ಜಾರ್ತಾ ಉಂಟು ಮಾರಾಯ್ತಿ."

"ಹೊಸತಲ್ವಾ? ಸರಿಯಾಗ್ತದೆ. ಯಲ್ಲಾ, ಹೊರಡಿ, ಹೊತ್ತಾಯ್ತು!"

ದೋಣಿಯ ಹಲಗೆಗಳು ಜೇನಿನ ಬಣ್ಣದವು, ಫಳಫಳ. ಮೇಲೆ ಸ್ವಲ್ಪ ಸಮುದ್ರದ ನೀರು. ಫೆಲಿಕ್ಸ್ "ಗುಡ್ ಈವ್ನಿಂಗ್ ಸರ್" ಎಂದು ಹೆಜ್ಜೆ ಇಟ್ಟರು. "ಸರ್" ಅನ್ನುವಷ್ಟರಲ್ಲಿ ಆ ತುದಿ ತಲುಪಿದ್ದರು! ನಡೆದು ಅಲ್ಲ, ಕೂತುಕೊಂಡು. ದಾರಿಯುದ್ದಕ್ಕೂ ಎರಡು ಬಿಳಿ ಗೆರೆಗಳು, ಹೊಸದಾಗಿ ಬಳಿದ ರಸ್ತೆಯಂತೆ.

ಮ್ಯಾನೇಜರ್ ಬಂದು ಫೆಲಿಕ್ಸರನ್ನು ಎಬ್ಬಿಸಿ ಕೂರಿಸಿದರು. ಏಟೇನೂ ಆಗಿಲ್ಲವೆಂದು ಖಚಿತವಾದ ಮೇಲೆ ಶೂ ನೋಡಿದರು. ಬಗ್ಗಿ ಮೂಸಿದರು. ಲಾಡಿಯನ್ನು ಎರಡು ಬೆರಳಲ್ಲಿ ಹಿಡಿದರು.

"ಫೆಲಿಕ್ಸ್, ಇದೇನು?"

ನನ್ನ ಗಂಡ ನನ್ನ ಕಡೆ ನೋಡಲಿಲ್ಲ. "ಇಂಡಿಯನ್ ಸಿಸ್ಟಮ್, ಸರ್," ಎಂದರು.

ನಾನು ಸಮುದ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಮ್ಯಾನೇಜರ್ ಮೊದಲು ತುಟಿ ಕಚ್ಚಿದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಮ್ಮ ಶೂವನ್ನೂ ಕಳಚಿ ಬದಿಗಿಟ್ಟರು. ಎಲ್ಲರೂ ಬರಿಗಾಲಲ್ಲೇ ಸುತ್ತಾಡಿದೆವು. ಇಳಿಯುವಾಗ, "ಮುಂದಿನ ತಿಂಗಳೂ ಬನ್ನಿ. ಶೂ ಮಾತ್ರ ಬೇಡ," ಎಂದರು. ಗಂಡನ ಮಾನ ಉಳಿಯಿತು, ಬರಿಗಾಲಲ್ಲಿ.

ಮನೆಗೆ ಬಂದು ಶೂಗಳನ್ನು ಬಾಗಿಲ ಹೊರಗಿಟ್ಟು ಗೋಡೆಗೆ ಒರಗಿ ನಿಂತೆ. ಎದುರು ಫ್ಲಾಟಿನ ಜೊಹರಾ, ಉಳ್ಳಾಲದವಳು, ಕಸದ ಚೀಲ ಹಿಡಿದು ಹೊರಬಂದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಸಮಾಧಾನದ ಎರಡು ಮಾತು ನಿರೀಕ್ಷಿಸಿದ್ದೆ.

ಅವಳು ಶೂಗಳನ್ನು ಹಿಂದೆ ಮುಂದೆ ನೋಡಿ, ಮೆಟ್ಟಿಲಿಳಿಯುತ್ತಾ ಅಂದಳು: "ನಮ್ಮವರ ಹಳೆ ಚಪ್ಪಲಿ ಒಂದು ಉಂಟು ಲಿಲ್ಲಿಯಕ್ಕ. ಎಷ್ಟು ಹೇಳಿದ್ರೂ ಬಿಸಾಡ್ಲಿಕ್ಕೆ ಬಿಡುದಿಲ್ಲ. ನಾಳೆ ತಂದು ಕೊಡ್ತೇನೆ, ನೀವೊಮ್ಮೆ ಪಾಲಿಶ್ ಮಾಡಿ ಕೊಡಿ."