ಕಾಕಾನ ಕಾಲುವೆ

ಕುವೈತಿನಲ್ಲಿ ಕಾಲುವೆ ಇದೆಯೇ ಎಂದು ಯಾರಾದರೂ ಕೇಳಿದರೆ, ಇದೆ ಎನ್ನುತ್ತೇನೆ. ನಮ್ಮ ಕಾಕಾ ಇಟ್ಟುಕೊಂಡಿದ್ದರು!

ಎಣ್ಣೆ ಕಂಪನಿಯ ಊರಾದ ಅಹ್ಮದಿಯ ಹೊರಗೆ ಮರಳಿನಲ್ಲಿ ಬಿದ್ದಿದ್ದ ಹಳೆಯ ಪೈಪ್‌ಲೈನೇ ಅದು. ಒಂದು ಕಾಲಕ್ಕೆ ಅದರಲ್ಲಿ ಎಣ್ಣೆ ಹರಿದು ಸಮುದ್ರದ ಕಡೆ ಹೋಗುತ್ತಿತ್ತಂತೆ. ತೊಂಬತ್ತರ ದಶಕದಲ್ಲಿ, ನಾನು ಕೆಲಸಕ್ಕೆಂದು ಹೊಸದಾಗಿ ಹೋಗಿ ಕಂಡಾಗ, ಅದರ ಮೇಲೆ ಪಾರಿವಾಳವೂ ಕೂರುತ್ತಿರಲಿಲ್ಲ. ವೆಲ್ಡರ್ ಆಗಿದ್ದ ಕಾಕಾ ಮಾತ್ರ ಪ್ರತಿ ಶುಕ್ರವಾರ ಅದರ ಪಕ್ಕದ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದರು. ಅವಸರವೇ ಇಲ್ಲ, ನಡೆದು ಹೋಗುವವರೂ ಅವರನ್ನು ದಾಟಬಹುದಿತ್ತು!

ಅದಕ್ಕೊಂದು ಕಾನೂನು ಬೇರೆ. ನಮ್ಮೂರಿನ ಕಾಲುವೆಯ ಏರಿ ಮೇಲೆ ಇಬ್ಬರು ಎದುರಾದರೆ, ನೀರಿಗೆ ಎದುರಾಗಿ ಬರುವವನು ಸೈಕಲ್ ಇಳಿಯಬೇಕು, ನೀರಿನ ಜೊತೆ ಹೋಗುವವನು ನಿಂತು ಕ್ಷೇಮ ಕೇಳಬೇಕು. ಕಾಕಾ ಅದನ್ನು ಗಂಟುಮೂಟೆಯ ಜೊತೆ ಗಲ್ಫಿಗೂ ತಂದಿದ್ದರು.

ಒಂದು ಶುಕ್ರವಾರ ಕ್ಯಾರಿಯರ್ ಮೇಲೆ ಅವರ ಹೆಂಡತಿ, ನಮ್ಮ ಕಾಕು. ಬಂದು ತಿಂಗಳಾಗಿರಲಿಲ್ಲ, “ಮಾತಾಡ್ಸೋರಿಲ್ಲ, ಕೇಳೋರಿಲ್ಲ. ನನ್ನ ಊರಿಗಿ ಕಳಸಿಬಿಡ್ರಿ” ಎಂದು ಹಟ ಹಿಡಿದಿದ್ದರು. ಮರುದಿನವೇ ಟಿಕೆಟ್ಟಿಗೆ ಹೇಳಬೇಕು. ಅವರ ಮನಸ್ಸು ತಿರುಗಿಸಲು ಕಾಕಾ ಹೂಡಿದ ಉಪಾಯ ಈ ಸವಾರಿ! ಹೆಂಡತಿಗೆ ಬಂಗಾರದಂಗಡಿ ತೋರಿಸಿದ ಗಂಡಂದಿರನ್ನು ಗಲ್ಫಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ತುಕ್ಕು ಹಿಡಿದ ಪೈಪು ತೋರಿಸಿದವರು ಇವರೊಬ್ಬರೇ. ಬುತ್ತಿ ಕಟ್ಟಿಕೊಂಡು ಹಿಂದಿನ ಸೈಕಲ್ಲಿನಲ್ಲಿ ನಾನು.

ಎದುರಿಗೊಬ್ಬ ಬಂಗಾಳಿ ಕಾವಲುಗಾರ ಸೈಕಲ್ ತುಳಿಯುತ್ತ ಬಂದ.

“ಭಾಯಿ, ಉತರೋ!” ಇಳಿಯುವಂತೆ ಕಾಕಾ ಕೂಗಿದರು. “ಪಾನಿ ಉಧರ್ ಜಾತಾ, ತುಮ್ ಇಧರ್ ಆತಾ!” ನೀರು ಆ ಕಡೆ ಹೋಗುತ್ತಿದ್ದರೆ ನೀನು ಈ ಕಡೆ ಬರುತ್ತೀಯಲ್ಲ ಎಂಬುದು ಅವರ ತಕರಾರು.

“ಪಾನಿ? ಕಹಾಂ ಪಾನಿ?” ಅವನು ಸುತ್ತ ನೀರು ಹುಡುಕಿದ.

ಕಾಕಾ ಪೈಪನ್ನು ಬಡಿದು ತೋರಿಸಿದರು. ಡಣ್! ಕಂಪನಿಯ ಹೊಸ ರೂಲ್ ಇರಬೇಕೆಂದು ಹೆದರಿದ ಬಡಪಾಯಿ ಇಳಿದದ್ದಷ್ಟೇ ಅಲ್ಲ, ಗುರುತಿನ ಚೀಟಿಯನ್ನೂ ತೆಗೆದು ಹಿಡಿದ! ಕಾಕಾ ಅದನ್ನು ನೋಡಲೇ ಇಲ್ಲ. ಮನೆಮಂದಿಯ ಕ್ಷೇಮ ಕೇಳಿ, ಅವನು ಹೇಳಿದ ತಾಯಿಯ ಮಂಡಿನೋವು, ಮಗಳ ಶಾಲೆ ಎಲ್ಲ ವಿಚಾರಿಸಿ, ನನ್ನ ಬುತ್ತಿಯಿಂದ ರೊಟ್ಟಿ ತೆಗೆದುಕೊಟ್ಟು, “ಯಲ್ಲಾ” ಎಂದು ಬೀಳ್ಕೊಟ್ಟರು.

“ಏನ್ರೀ ಇದು ಹುಚ್ಚರಂಗ! ಪಾಪ, ಅವನ್ನ ಯಾಕ ಇಳಿಸಿದ್ರಿ?” ಕಾಕು ರೇಗಿದರು.

ಕಾಕಾ ಹ್ಯಾಂಡಲ್ ಹಿಡಿದು ನಿಂತೇ ಇದ್ದರು. ಏನಾದರೊಂದು ತಮಾಷೆ ಬರುತ್ತದೆಂದು ನಾನು ನಗಲು ತಯಾರಾದೆ.

“ಇಳಿದ್ರ ನಾಕ್ ಮಾತ್ ಆಡ್ತಾರ ನೋಡು. ನೀ ಬರೂಕಿಂತ ಮೊದ್ಲ ವರ್ಷಗಟ್ಲೆ ಇಲ್ಲಿ ಒಬ್ಬನ ತಿರಗೀನಿ, ಯಾರರ ಎದುರಿಗೆ ಬರಲಿ ಅಂತ.”

ನಾನು ಬುತ್ತಿಯ ಗಂಟು ಮತ್ತೆ ಕಟ್ಟತೊಡಗಿದೆ. ಕಾಕು ಸೆರಗಿನಿಂದ ಅವರ ಕತ್ತಿನ ಬೆವರು ಒರೆಸಿದರು.

“ಟಿಕೆಟ್ ಇರ್ಲಿ ಬಿಡ್ರಿ. ಮೊದ್ಲ ನನಗ ಸೈಕಲ್ ಕಲಸ್ರಿ. ಎದುರಿಗೆ ನಾ ಬರ್ತೀನಿ.”